ಮಾವನ ರಕ್ತದ ಪುಸ್ತಕ

ಮನುಷ್ಯರಲ್ಲಿ ಇರುವುದು ನಾಲ್ಕೇ ಜಾತಿ ಎಂದು ನಮ್ಮ ಸೋದರಮಾವ ಹೇಳುತ್ತಿದ್ದರು. ಹೊಸಬರು ಇದನ್ನು ಕೇಳಿ, ಅಬ್ಬಾ, ಕಿಕ್ಕೇರಿ ಪಕ್ಕದ ಈ ಪುಟ್ಟ ಊರಿನಲ್ಲೂ ಎಂಥ ಸಮಾಜ ಸುಧಾರಕರಿದ್ದಾರಪ್ಪ ಎಂದು ಕೈಮುಗಿಯಲು ಹೋದರೆ, ಮಾವ ಆ ಮುಗಿದ ಕೈಯಿಂದಲೇ ಒಂದು ಬೆರಳನ್ನು ಬಿಡಿಸಿ ಹಿಡಿದುಕೊಳ್ಳುತ್ತಿದ್ದರು. "ನಿಮ್ದು ಎ-ನೋ, ಬಿ-ನೋ, ಎಬಿ-ನೋ, ಓ-ನೋ?" ಗೊತ್ತಿಲ್ಲ ಎಂದಿರೋ, ಮುಗಿಯಿತು! "ಸ್ವಂತ ರಕ್ತ ಯಾವ್ದು ಅಂತ ಗೊತ್ತಿಲ್ದೆ ಇಷ್ಟ್ ವರ್ಸ ಎಂಗ್ರೀ ಬದುಕಿದ್ರಿ?" ಎಂದು ಗದರಿಸುವರು. ಪಾಪ, ಬಂದವರು ಹಸು ಮಾರಾಟಕ್ಕಿದೆಯೇ ಎಂದು ಕೇಳಲು ಬಂದಿರುತ್ತಿದ್ದರು.

ಮಾವನ ಈ ಹುಚ್ಚು ಆಕಾಶದಿಂದ ಉದುರಿದ್ದಲ್ಲ. ಅವರು ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಬೆಳಿಗ್ಗೆ, ಸಾಯಂಕಾಲ ಕನ್ನಡಕವನ್ನು ಹಣೆಗೇರಿಸಿ, ಹಾಲಿನಲ್ಲಿ ತೇಲುವ ಗಾಜಿನ ಕಡ್ಡಿಗೆ ಕಣ್ಣನ್ನು ಸಮ ಮಾಡಿ ಬಗ್ಗಿ, "ಡಿಗ್ರಿ" ನೋಡುವುದು ಅವರ ಕೆಲಸ. ಡಿಗ್ರಿ ಬಂದರೆ ಹಾಲು ಒಳಕ್ಕೆ, ಬಾರದಿದ್ದರೆ ಮನೆಗೆ. ನಡುವೆ ಇನ್ನೊಂದು ದಾರಿ ಇಲ್ಲ. ಪಂಚಾಯ್ತಿ ಮೆಂಬರರ ಹಾಲೂ ಅಷ್ಟೇ, ಪೂಜಾರಿಯ ಹಾಲೂ ಅಷ್ಟೇ. ಒಂದು ದಿನ ನಮ್ಮ ಅಜ್ಜಿ, ಅಂದರೆ ಸಾಕ್ಷಾತ್ ಅವರ ತಾಯಿ, ತೊಳೆದ ಡಬ್ಬಿಯ ನೀರನ್ನು ಸರಿಯಾಗಿ ಬಸಿಯದೆ ಹಾಲು ತಂದುಬಿಟ್ಟರು.

"ಅವ್ವ, ಡಿಗ್ರಿ ಬರ್ಲಿಲ್ಲ. ವಾಪಸ್ ತಕ್ಕೊಂಡೋಗು."

"ಲೇ, ನಾನು ನಿಮ್ಮವ್ವ ಕಣ್ಲಾ!"

"ಅವ್ವ ಅಂದೇಟ್ಗೆ ಆಲು ಗಟ್ಟಿ ಆಯ್ತದಾ? ಡಿಗ್ರಿ ಡಿಗ್ರಿನೆ."

ಇಡೀ ಸಾಲು ನೋಡುತ್ತಿದ್ದ ಹಾಗೆಯೇ ಅಜ್ಜಿ ಡಬ್ಬಿ ಎತ್ತಿಕೊಂಡು ಮನೆಗೆ ಬಂದರು. ಮೂರು ದಿನ ಮಗನ ಜೊತೆ ಮಾತು ಬಿಟ್ಟರು. ಆ ಹಾಲನ್ನು ಹೆಪ್ಪು ಹಾಕಿ ಮೂರು ದಿನವೂ ಅವರಿಗೇ ಬಡಿಸಿದರು ಅನ್ನಿ.

ಇಂಥ ಮನುಷ್ಯನ ಕೈಗೆ ಜೀವಶಾಸ್ತ್ರದ ಪುಸ್ತಕ ಕೊಟ್ಟ ಪಾಪಿ ನಾನೇ! ತೊಂಬತ್ತರ ದಶಕದ ಮಾತು. ನನ್ನ ಅಪ್ಪ ಅಮ್ಮ ಪಾಂಡವಪುರದಲ್ಲಿದ್ದರು. ನಾನು ಮಾವನ ಮನೆಯಲ್ಲಿದ್ದುಕೊಂಡು ಕೆ.ಆರ್. ಪೇಟೆಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕಾಲೇಜಿನ ರಕ್ತದಾನ ಶಿಬಿರದಲ್ಲಿ ಕೊಟ್ಟ ಕಾರ್ಡನ್ನು ತಂದು ಜಗಲಿಯ ಮೇಲೆ ಇಟ್ಟಿದ್ದೆ. ಮಾವ ನೋಡಿದರು. ಓ ನೆಗೆಟಿವ್ ಅಂದರೇನು ಎಂದು ಕೇಳಿದರು. ನಾನು ದೊಡ್ಡ ಪಂಡಿತನ ಹಾಗೆ ಪುಸ್ತಕ ತೆಗೆದು ಪಾಠ ಮಾಡಿದೆ. ಮನುಷ್ಯರ ಹಾಲಿಗೂ, ಅಲ್ಲ, ರಕ್ತಕ್ಕೂ ಪರೀಕ್ಷೆಯುಂಟು ಎಂದು ತಿಳಿದ ಕ್ಷಣದಿಂದ ಮಾವ ನನ್ನ ಪುಸ್ತಕವನ್ನು ವಾಪಸ್ಸು ಕೊಡಲೇ ಇಲ್ಲ. ಆ ವರ್ಷ ನಾನು ಜೀವಶಾಸ್ತ್ರದಲ್ಲಿ ಪಾಸಾದದ್ದು ದೇವರ ದಯೆ.

ಒಂದು ವಾರದಲ್ಲಿ ಗುರು ಶಿಷ್ಯನಾದ, ಶಿಷ್ಯ ಗುರುವಾದರು. ಸಾಯಂಕಾಲ ಮನೆಯವರನ್ನೆಲ್ಲ ಕೂರಿಸಿಕೊಂಡು ಮಾವನ ಪಾಠ ಶುರು.

"ನೋಡ್ರಪ್ಪಾ, ಮಗು ಉಟ್ಟೋವಾಗ ಅಪ್ಪ ಒಂದು ಕೈಯಿ ನೀಡ್ತಾನೆ, ಅವ್ವ ಒಂದು ಕೈಯಿ ನೀಡ್ತಾಳೆ. ಅಪ್ಪನ ಕೈಲಿ ಎ, ಅವ್ವನ ಕೈಲಿ ಬಿ ಇದ್ರೆ ಮಗ ಎಬಿ. ಓ ಅಂದ್ರೆ ಬರಿಗೈ. ಇಬ್ರೂ ಬರಿಗೈ ನೀಡಿದ್ರೆ ಮಗು ಓ. ಅರ್ಥ ಆಯ್ತಾ?"

"ಆಯ್ತು, ಏಳ್ಲಾ, ಮುದ್ದೆ ಆರೋಯ್ತದೆ" ಎಂದರು ಅಜ್ಜಿ.

"ಇರವ್ವ! ಈಗ ನಂದು ಎಬಿ. ಅಂದ್ರೇನು? ನನ್ನ ಅಪ್ಪನೂ ಬರಿಗೈಲಿ ಕಳ್ಸಿಲ್ಲ, ಅವ್ವನೂ ಬರಿಗೈಲಿ ಕಳ್ಸಿಲ್ಲ! ತಂಗಿದು ಬಿ, ಅಪ್ಪನ ಕಡೆಯೋರ್ದೂ ಬಿ, ಅಂದ್ರೆ ಅದು ಅಪ್ಪನಿಂದ ಬಂದದ್ದು. ಅಂಗಾರೆ ನನ್ನ ಎ ನಿಂದೇ ಅವ್ವ, ನೀನು ಕೊಟ್ಟದ್ದೇ! ಓ ಇರೋ ತಾಯಿಗೆ ಎಬಿ ಮಗ ಉಟ್ಟಾಕೇ ಇಲ್ಲ. ಬೇಕಾರೆ ಬರ್ದು ಕೊಡ್ತೀನಿ!"

ಎಬಿಯವರು ಯಾರಿಂದ ಬೇಕಾದರೂ ರಕ್ತ ತೆಗೆದುಕೊಳ್ಳಬಹುದು, ಆದರೆ ಎಬಿಯವರಿಗೆ ಬಿಟ್ಟು ಬೇರೆಯವರಿಗೆ ಕೊಡುವ ಹಾಗಿಲ್ಲ ಎಂದು ನಾನು ಸೇರಿಸಿದೆ. "ಮದ್ವೆ ಆದಾಗ್ಲಿಂದ್ಲೂ ಅಂಗೇ, ತಕ್ಕೊಳ್ಳೋದೊಂದೇ ಗೊತ್ತು" ಎಂದು ಅತ್ತೆ ಒಲೆಯ ಮುಂದಿನಿಂದ ಒಪ್ಪಿಗೆ ಸೂಚಿಸಿದರು. ಎಲ್ಲರೂ ನಕ್ಕರು. ಅಜ್ಜಿ ನಕ್ಕರೋ ಇಲ್ಲವೋ ನಾನು ಆಗ ಗಮನಿಸಲಿಲ್ಲ.

ಮಾವ ಉದ್ದನೆಯ ಒಂದು ಪುಸ್ತಕ ಹೊಲಿಸಿದರು. ಒಂದು ಪುಟಕ್ಕೆ ಒಬ್ಬರು. ಹೆಸರು, ಗ್ರೂಪು, ಅದರ ಕೆಳಗೆ ಎರಡು ಸಾಲು: 'ಅಪ್ಪ ಕೊಟ್ಟದ್ದು', 'ಅವ್ವ ಕೊಟ್ಟದ್ದು'. ಅವರ ಸ್ವಂತ ಪುಟದಲ್ಲಿ ಅಪ್ಪ ಕೊಟ್ಟದ್ದು ಬಿ, ಅವ್ವ ಕೊಟ್ಟದ್ದು ಎ ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡರು. ಪೆನ್ಸಿಲ್ಲು ಯಾಕೆಂದರೆ ಅಜ್ಜಿಯದು ಇನ್ನೂ ಪರೀಕ್ಷೆಯಾಗಿರಲಿಲ್ಲ. ಪರೀಕ್ಷೆಯಾಗದ್ದನ್ನು ಶಾಯಿಯಲ್ಲಿ ಬರೆಯುವ ಮನುಷ್ಯರೇ ಅವರು?

ಆದರೆ ನೂರಾರು ನೆಂಟರ ಬೆರಳು ಸಿಗುವುದು ಎಲ್ಲಿ? ಸಂತೆಬಾಚಹಳ್ಳಿಯಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳ ಮದುವೆಯಾಗಿ ಬೀಗರ ಊಟ ಇತ್ತು. ಬೀಗರ ಊಟವೆಂದರೆ ಮಂಡ್ಯ ಸೀಮೆಯವರಿಗೆ ಬಿಡಿಸಿ ಹೇಳಬೇಕೇ? ಕೈಗೆ ಬಂದ ಮುದ್ದೆಯನ್ನಾದರೂ ಬಿಟ್ಟಾರು, ಆ ಬಾಡೂಟ ಬಿಡುವುದಿಲ್ಲ. ಇದನ್ನು ಚೆನ್ನಾಗಿ ಬಲ್ಲ ಮಾವ, ಪರಿಚಯದ ಲ್ಯಾಬಿನವರೊಬ್ಬರನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹೋಗಿ, ಶಾಮಿಯಾನದ ಬಾಗಿಲಿನಲ್ಲೇ ಮೇಜು ಹಾಕಿಸಿಬಿಟ್ಟರು. ಅಜ್ಜಿ ಮಾತ್ರ ಮನೆ ಕಾಯಬೇಕೆಂದು ಊರಿನಲ್ಲೇ ಉಳಿದಿದ್ದರು.

"ಬೆರಳು ಕೊಟ್ಟೋರ್ಗೆ ಎಲೆ!"

ಒಳಗಿನಿಂದ ಮಸಾಲೆಯ ಘಮ, ಹೊರಗೆ ಸೂಜಿ. ಸೂಜಿ ಸೋತಿತು ಎಂದು ಬೇರೆ ಹೇಳಬೇಕಿಲ್ಲ. ಜನ ಸಾಲುಗಟ್ಟಿ ಬೆರಳು ಚಾಚಿದರು. ಎರಡನೇ ಪಂಕ್ತಿಯಲ್ಲೂ ಕೂರುವ ಆಸೆಗೆ ಒಬ್ಬ ಪುಣ್ಯಾತ್ಮ ಇನ್ನೊಂದು ಕೈಯ ಬೆರಳನ್ನೂ ಕೊಟ್ಟು ಹೋದ! ನಾಗಮಂಗಲದಿಂದ ಬಂದಿದ್ದ ಹಿರಿಯ ಬೀಗರು ಮಾತ್ರ ಮೀಸೆ ತಿರುವಿಕೊಂಡು ನಿಂತರು.

"ನಮ್ದು ದೊಡ್ಮನೆ ರಕ್ತ ಕಣ್ರೀ. ಅದ್ಕೆಂಥ ಪರೀಕ್ಷೆ?"

"ದೊಡ್ಮನೆ ಅಂತ ಒಂದು ಗ್ರೂಪು ಪುಸ್ತಕದಲ್ಲಿಲ್ಲ ಬೀಗ್ರೇ. ಬೆರಳು ನೀಡಿ."

ಬಾಡಿನ ಸಾರಿನ ಮುಂದೆ ದೊಡ್ಡಮನೆ ಎಷ್ಟು ಹೊತ್ತು ನಿಂತೀತು? ನೀಡಿದರು. ಬಿ ನೆಗೆಟಿವ್ ಬಂತು. ಇಡೀ ಶಾಮಿಯಾನದಲ್ಲಿ ಇನ್ನೊಂದು ಬಿ ನೆಗೆಟಿವ್ ಬಂದದ್ದು ಬೀಗರ ಗದ್ದೆಯಲ್ಲೇ ಕೂಲಿ ಮಾಡುವ, ಅವತ್ತು ಪಾತ್ರೆ ಹೊರಲು ಜೊತೆಗೆ ಬಂದಿದ್ದ ಆಳಿಗೆ. ಮಾವ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, "ನೋಡಿ ಬೀಗ್ರೇ, ನಾಳೆ ನಿಮ್ಗೇನಾರ ಎಚ್ಚುಕಮ್ಮಿ ಆದ್ರೆ ನಿಮ್ಮ ಅಣ್ತಮ್ಮ ಬರಾಕಿಲ್ಲ, ಇವ್ನೇ ಬರ್ಬೇಕು. ಸಂದಾಗಿ ನೋಡ್ಕಳಿ" ಎಂದರು. ಬೀಗರು ಮುಖ ಊದಿಸಿಕೊಂಡರೂ, ಊಟಕ್ಕೆ ಕೂತಾಗ ಆ ಆಳನ್ನು ಕರೆದು ತಮ್ಮ ಎದುರಿನ ಎಲೆಗೆ ಕೂರಿಸಿದ್ದನ್ನು ನಾನೇ ಕಣ್ಣಾರೆ ಕಂಡೆ.

ನನ್ನ ಪಾಡು ಕೇಳಬೇಡಿ. ಇಡೀ ನೆಂಟಸ್ತಿಕೆಯಲ್ಲಿ ಓ ನೆಗೆಟಿವ್ ನಾನೊಬ್ಬನೇ. "ಇವ್ನು ಅಪರೂಪದ ಮಾಲು" ಎಂದು ಮಾವ ಘೋಷಿಸಿದ ದಿನದಿಂದ ನನಗೆ ಕಬಡ್ಡಿ ಬಂದ್, ಮರ ಹತ್ತುವುದು ಬಂದ್, ಬಸ್ಸಿನ ಟಾಪಿನ ಮೇಲೆ ಕೂರುವುದು ಬಂದ್! ದಿನವೂ ನುಗ್ಗೆಸೊಪ್ಪು, ಬೀಟ್‌ರೂಟು, ಖರ್ಜೂರ. ಸೊಳ್ಳೆ ಕಚ್ಚಿದರೂ, "ಒಡಿಲಾ ಅದ್ನ, ಓ ನೆಗೆಟಿವ್ ಕುಡಿತಾ ಅದೆ!" ಎಂದು ಕೂಗುತ್ತಿದ್ದರು. ಈ ನೆಗೆಟಿವ್ ನಮ್ಮ ವಂಶಕ್ಕೆ ಎಲ್ಲಿಂದ ಬಂತು ಎಂಬುದೊಂದೇ ಅವರಿಗೆ ಬಿಡಿಸಲಾಗದ ಒಗಟಾಗಿತ್ತು.

ಹೀಗೆ ನಗುನಗುತ್ತಾ ಇರುವಾಗ ಅಜ್ಜಿಗೆ ಹೊಟ್ಟೆನೋವು ಶುರುವಾಯಿತು. ಗರ್ಭಕೋಶದಲ್ಲಿ ಗೆಡ್ಡೆ, ತೆಗೆಯಲೇಬೇಕು, ತಡ ಮಾಡಿದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಹೇಳಿದರು. ಆಪರೇಷನ್ನಿಗೆ ರಕ್ತ ಸಿದ್ಧವಿರಬೇಕು, ಮೊದಲು ಗ್ರೂಪು ನೋಡಿಸಿ ಎಂದರು. ಗ್ರೂಪು! ಈ ಮಾತಿಗಾಗಿಯೇ ಮಾವ ಹುಟ್ಟಿದ್ದು ಎನ್ನುವ ಹಾಗೆ ಎದ್ದು ನಿಂತರು.

ಅಜ್ಜಿ ಕೂತೇ ಇದ್ದರು.

"ನಾನು ಸೂಜಿ ಚುಚ್ಚಿಸ್ಕೊಳಾಕಿಲ್ಲ."

ಮುಳ್ಳಿನ ಮೇಲೆ ಬರಿಗಾಲಿನಲ್ಲಿ ನಡೆದ ಹೆಂಗಸು, ಹೋರಿಯ ಮೂಗುದಾರ ಹಿಡಿದು ಗಿರಗಿರನೆ ತಿರುಗಿಸಿದ ಹೆಂಗಸು, ಸಾಸಿವೆಯಷ್ಟು ಸೂಜಿಗೆ ಹೆದರುತ್ತಾಳೆ ಎಂದರೆ ಯಾರು ನಂಬಬೇಕು? ಮೊದಲ ದಿನ ಅಮಾವಾಸ್ಯೆ ಎಂದರು. ಮರುದಿನ ಬಲಗಣ್ಣು ಅದುರಿತು ಎಂದರು. ಮೂರನೆಯ ದಿನ ಹಸು ಕರು ಹಾಕುತ್ತದೆ, ಬಿಟ್ಟು ಬರುವುದು ಹೇಗೆ ಎಂದರು. ಆ ಹಸು ಗಬ್ಬವೇ ಆಗಿರಲಿಲ್ಲ! ಪಾಂಡವಪುರದಿಂದ ನನ್ನ ಅಮ್ಮ ಬಂದು ಅತ್ತು ಕರೆದರೂ ಜಗ್ಗಲಿಲ್ಲ. ನೋವು ಬಂದಾಗ ಕಂಬ ಹಿಡಿದು ಹಲ್ಲು ಕಚ್ಚಿ ನಿಲ್ಲುವರು, ಹೋದ ಮೇಲೆ ಮತ್ತೆ "ಇಲ್ಲ" ಎನ್ನುವರು.

ಹಟದಲ್ಲಿ ಮಗನೇನು ಕಡಿಮೆಯೇ? ಜಗಲಿಯ ಮೇಲೆ ಚಾಪೆ ಹಾಸಿದರು. "ಅವ್ವ ಬೆರಳು ಕೊಡೋವರ್ಗೂ ನಾನು ಅನ್ನ ಮುದ್ದೆ ಮುಟ್ಟಾಕಿಲ್ಲ" ಎಂದು ಕೂತರು. ಬೆಳಿಗ್ಗೆ ಸಂಜೆ ಡೈರಿಗೆ ಹೋಗುವುದು, ಬಂದು ಮತ್ತೆ ಚಾಪೆಯ ಮೇಲೆ ಕೂರುವುದು. ಎರಡನೆಯ ದಿನದ ಹೊತ್ತಿಗೆ ಕಣ್ಣು ಮಂಜಾಗಿ ಎಲ್ಲರ ಹಾಲಿಗೂ ಡಿಗ್ರಿ ಬರತೊಡಗಿತು. ಊರಿನವರು ಈ ಉಪವಾಸವನ್ನು ಮನಸಾರೆ ಬೆಂಬಲಿಸಿದರು.

ಆ ದಿನ ಮಧ್ಯಾಹ್ನ ಅಜ್ಜಿ ಹಿತ್ತಲಿನಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನೂ ಹೋಗಿ ಕೂತೆ. ಕಾಳು ಮೊರದಲ್ಲಿ ಬೀಳುತ್ತಿದ್ದವು.

ಈ ಮೊರದ್ದೊಂದು ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿಗೆ ಮೊದಲು ಹುಟ್ಟಿದ ಮೂರು ಮಕ್ಕಳು ಉಳಿಯಲಿಲ್ಲ. ಹೀಗಾದರೆ ನಮ್ಮ ಕಡೆ ಒಂದು ಶಾಸ್ತ್ರ ಮಾಡುತ್ತಿದ್ದರು. ಹೊಸದಾಗಿ ಹುಟ್ಟಿದ ಮಗುವನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಇಡುವುದು. ಸೂಲಗಿತ್ತಿ ಅದನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಮಗು ಬೇಕೇನವ್ವಾ?" ಎಂದು ಕೂಗುವುದು. ತಾಯಿ ಒಂದು ಮೊರ ತೌಡು ಕೊಟ್ಟು ತನ್ನ ಮಗುವನ್ನೇ ಕೊಂಡುಕೊಳ್ಳುವುದು. ಇದು ಇವರದಲ್ಲ, ಕೊಂಡು ತಂದದ್ದು ಎಂದು ಯಮನನ್ನು ಏಮಾರಿಸುವ ಉಪಾಯ. ಮಾವನಿಗೂ ಹಾಗೆಯೇ ಮಾಡಿದ್ದರು. ಯಮ ಏಮಾರಿದ, ಮಾವ ಉಳಿದರು. "ತೌಡು ಕೊಟ್ಟು ತಂದದ್ದಕ್ಕೇ ತಲೆ ತುಂಬ ತೌಡು" ಎಂದು ಅತ್ತೆ ದಿನಕ್ಕೊಮ್ಮೆ ಅನ್ನದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಅಜ್ಜಿ, ಸೂಜಿಗೆ ಯಾಕೆ ಹೆದರ್ತೀಯ? ಇರುವೆ ಕಚ್ಚಿದಷ್ಟೂ ಇಲ್ಲ."

ಅಜ್ಜಿ ಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಅವ್ನು ಪಾಠ ಮಾಡ್ದಾಗ ನಾನೂ ಕೇಳ್ದೆ ಕಣ್ಲಾ ಮಗ. ಓ ತಾಯ್ಗೆ ಎಬಿ ಉಟ್ಟಾಕಿಲ್ಲ ಅಂದ್ನಲ್ಲ. ಬರ್ದು ಕೊಡ್ತೀನಿ ಅಂದ್ನಲ್ಲ. ಏನ್ ಬಂದಾತೋ ಯಾರ್ ಕಂಡವ್ರು?"

"ಏನು ಬಂದರೇನಜ್ಜಿ? ಮಾವ ನಿನ್ನ ಮಗ ತಾನೇ?"

"ಆ ಮೊರದ್ದು ಶಾಸ್ತ್ರ ಅಲ್ಲ ಕಣ್ಲಾ" ಎಂದರು ಅಜ್ಜಿ. "ದಿಟ. ದಿಟವಾಗ್ಲೂ ಕೊಂಡ್ಕೊಂಡಿದ್ದು."

ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು.

"ನಂದು ಅವತ್ತು ಬೆಳಿಗ್ಗೆ ಉಟ್ಟಿ, ಅಳ್ಲೇ ಇಲ್ಲ. ನಾಕ್ನೇದು ಅದು. ಕಬ್ಬು ಕಡಿಯಾಕೆ ದೂರದಿಂದ ಬಂದಿದ್ದೋರ ಗುಡ್ಲಲ್ಲಿ ಒಬ್ಳು ಮಗು ಎತ್ತು ಅಲ್ಲೇ ಕಣ್ಮುಚ್ಚಿದ್ಲು. ಅವಳ್ಗೆ ಇಂದೂ ಮುಂದೂ ಯಾರೂ ಇಲ್ಲ. ನನ್ ಎದೇಲಿ ಆಲು ಕಟ್ಕಂಡು ಉರೀತಿತ್ತು. ಸೂಲಗಿತ್ತಿ ಆ ಕೂಸ್ನ ಮೊರದಲ್ಲಿಟ್ಕಂಡು ಬಂದು, ಮಗು ಬೇಕೇನವ್ವಾ ಅಂದ್ಲು. ಊರೋರೆಲ್ಲಾ ಶಾಸ್ತ್ರ ಅಂದ್ಕಂಡು ನೋಡ್ತಾ ನಿಂತಿದ್ರು. ನಾನು ತೌಡು ಕೊಟ್ಟೆ, ಮಗನ್ನ ಈಸ್ಕಂಡೆ. ನಿಮ್ಮಜ್ಜಂಗೆ, ಸೂಲಗಿತ್ತಿಗೆ, ನಂಗೆ, ಮೂರೇ ಜನಕ್ಕೆ ಗೊತ್ತು. ಅವ್ರಿಬ್ರೂ ತೀರೋದ್ರು. ಆಮೇಲೆ ನಿಮ್ಮವ್ವ ಉಟ್ಟಿದ್ದು."

ಪುಸ್ತಕ ತಂದವನು ನಾನು, ಪಾಠ ಮಾಡಿದವನು ನಾನು!

"ಮಾವ ಹಾಗೆಲ್ಲ ಅಂದುಕೊಳ್ಳೋರಲ್ಲ ಅಜ್ಜಿ."

"ಅವ್ನು ಡಿಗ್ರಿ ನೋಡೋನು ಕಣ್ಲಾ. ನನ್ ಆಲ್ನೇ ವಾಪಸ್ ಕಳ್ಸಿದೋನು. ನಾಳೆ ನನ್ನೂ ವಾಪಸ್ ಕಳ್ಸುದ್ರೆ?"

ಅಜ್ಜಿ ಅಳುವ ಹೆಂಗಸಲ್ಲ. ಅವತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ನನಗೂ ಅಳು ಬಂತು. ಚೀಟಿ ಮಾವನ ಕೈಗೆ ಹೋಗದ ಹಾಗೆ ನಾನು ನೋಡಿಕೊಳ್ಳುತ್ತೇನೆ, ಆಣೆ, ಎಂದೆ. ಅಜ್ಜಿ ಕಣ್ಣೊರೆಸಿಕೊಂಡು ಜಗಲಿಯ ಕಡೆ ನೋಡಿದರು. ಅಲ್ಲಿ ಮಾವ ಕಂಬಕ್ಕೆ ಒರಗಿ, ಹಸಿದ ಹೊಟ್ಟೆಯಲ್ಲಿ ಪುಸ್ತಕ ಹಿಡಿದು ಕೂತಿದ್ದರು.

"ಎಲ್ಡ್ ದಿನ ಆಯ್ತು, ಉಂಡಿಲ್ಲ ಅವ್ನು" ಎಂದರು. "ನಡಿ, ಅದೇನ್ ಬತ್ತದೋ ಬರ್ಲಿ."

ಮೈಸೂರಿನ ಆಸ್ಪತ್ರೆಗೆ ಹೋದೆವು. ಮಾವ ದಾರಿಯಲ್ಲೂ ಏನೂ ತಿನ್ನಲಿಲ್ಲ. ಬೆರಳು ಕೊಟ್ಟ ಮೇಲಲ್ಲವೇ ಎಲೆ? ಅಜ್ಜಿ ಕಣ್ಣು ಮುಚ್ಚಿ ಬೆರಳು ನೀಡಿದರು. ನಾನು ಚೀಟಿ ಕೊಡುವ ಕಿಟಕಿಯ ಮುಂದೆ ಬಾಗಿಲು ಕಾಯುವ ನಾಯಿಯ ಹಾಗೆ ನಿಂತೆ. ಹೆಸರು ಕೂಗಿದ್ದೇ ತಡ, ಕೈ ಚಾಚಿದೆ. ಆದರೆ ಹಾಲಿನ ಡಬ್ಬಿಗಳ ಸಾಲಿನಲ್ಲಿ ವರ್ಷಗಟ್ಟಲೆ ಪಳಗಿದ ಮೊಣಕೈ ಅದು, ಉಪವಾಸವಿದ್ದರೇನು! ಮಾವ ನನ್ನನ್ನು ಪಕ್ಕಕ್ಕೆ ತಳ್ಳಿ ಚೀಟಿ ತೆಗೆದುಕೊಂಡರು.

ಕನ್ನಡಕವನ್ನು ಹಣೆಗೇರಿಸಿದರು. ಚೀಟಿಯನ್ನು ಕಣ್ಣಿನ ಸಮಕ್ಕೆ ಹಿಡಿದರು. ನೋಡಿದರು. ಮತ್ತೊಮ್ಮೆ ನೋಡಿದರು.

ನಾನು ಅವರ ಹೆಗಲ ಮೇಲಿನಿಂದ ಇಣುಕಿದೆ. ಓ ನೆಗೆಟಿವ್.

"ಮಾವ, ಲ್ಯಾಬಿನವರು ಒಂದೊಂದು ಸಲ..."

"ಸುಮ್ಕಿರ್ಲಾ."

ಅಲ್ಲೇ ಇದ್ದ ಬೆಂಚಿನ ಮೇಲೆ ಕೂತರು. ಆಮೇಲೆ ಚೀಟಿಯನ್ನು ಮಡಿಸಿ ಜೇಬಿಗಿಟ್ಟು, ಕನ್ನಡಕ ಇಳಿಸಿ, ಅಜ್ಜಿ ಕೂತಿದ್ದ ಕಡೆಗೆ ನಡೆದರು. ನಾನು ಹಿಂದೆ ಓಡಿದೆ. ಅಜ್ಜಿ ಬೆರಳಿಗೆ ಹತ್ತಿ ಒತ್ತಿಕೊಂಡು ಗೋಡೆ ನೋಡುತ್ತಿದ್ದರು.

"ಏನ್ ಬಂತಪ್ಪ?"

"ಓ ನೆಗೆಟಿವ್ ಕಣವ್ವ. ನಿನ್ ಮೊಮ್ಮಗಂದೇ. ನಾನೂ ಅದೆಲ್ಲಿಂದ ಬಂತು ಅಂತ ಉಡುಕ್ತಾ ಇದ್ನಲ್ಲ, ನಿನ್ನಿಂದ್ಲೇ ಬಂದದ್ದು."

ಅಜ್ಜಿ ತಲೆ ಎತ್ತಲಿಲ್ಲ. "ಮತ್ತೆ ನಿಂದು?"

"ನಂದು ಎಬಿನೇ."

"ಅಂಗಾರೆ?"

"ಅಂಗಾರೆ ಏನು? ಪುಸ್ತಕ ತಪ್ಪು ಕಣವ್ವ. ಅಚ್ಚಾಕೋರು ಎಡವಟ್ಟು ಮಾಡವ್ರೆ."

ಡಿಗ್ರಿ ಡಿಗ್ರಿನೇ ಎಂದ ಮನುಷ್ಯ! ಬರೆದು ಕೊಡುತ್ತೇನೆ ಎಂದ ಮನುಷ್ಯ! ಅಜ್ಜಿ ನಿಧಾನವಾಗಿ ತಲೆ ಎತ್ತಿ ಮಗನ ಮುಖ ನೋಡಿದರು.

"ಸರ್ಯಾಗ್ ನೋಡ್ದೇನ್ಲಾ?"

"ಎಲ್ಡ್ ಸಲ ನೋಡ್ದೆ ಕಣವ್ವ. ಪುಸ್ತಕ್ವೇ ತಪ್ಪು."

ಅಜ್ಜಿ ಹತ್ತಿ ಹಿಡಿದ ಕೈಯಲ್ಲೇ ಅವರ ಕೆನ್ನೆ ಮುಟ್ಟಿ, "ಎಂಗೆ ಒಣಗ್ಬುಟ್ಟಿದ್ದೀಯ ನೋಡು. ಬೆರಳು ಕೊಟ್ನಲ್ಲ, ಓಗು, ಮೊದ್ಲು ಏನಾರ ತಿನ್ನೋಗು" ಎಂದರು. ಮಾವ ಕ್ಯಾಂಟೀನಿಗೆ ಹೋದರು. ಎಂಟು ಇಡ್ಲಿ ತಿಂದರು. ತಿನ್ನುವಾಗ ಒಂದು ಸಲವೂ ತಲೆ ಎತ್ತಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ.

ಮರುದಿನ ನನ್ನ ರಕ್ತ ತೆಗೆದರು. "ಇಷ್ಟ್ ದಿನ ಖರ್ಜೂರ ತಿನ್ಸಿದ್ಕೂ ಸಾರ್ಥಕ ಆಯ್ತು" ಎಂದು ಮಾವ ಪಕ್ಕದಲ್ಲೇ ನಿಂತು ನೋಡಿಕೊಂಡರು. ಆಪರೇಷನ್ ಸುಸೂತ್ರವಾಗಿ ಆಯಿತು. ಎರಡು ತಿಂಗಳಿಗೆಲ್ಲ ಅಜ್ಜಿ ಮತ್ತೆ ಡಬ್ಬಿ ಹಿಡಿದು ಡೈರಿಯ ಸಾಲಿನಲ್ಲಿ ನಿಂತರು. ಅವತ್ತೇ ಮಾವ ಗಾಜಿನ ಕಡ್ಡಿ ಎತ್ತಿ, "ಅವ್ವ, ಡಿಗ್ರಿ ಬರ್ಲಿಲ್ಲ, ತಕ್ಕೊಂಡೋಗು" ಎಂದುಬಿಟ್ಟರು! ಈ ಸಲ ಅಜ್ಜಿ ಮಾತು ಬಿಡಲಿಲ್ಲ. "ನನ್ ಮಗ ಆಲು ವಾಪಸ್ ಕಳ್ಸವ್ನೆ ಕಣ್ರೇ" ಎಂದು ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಹೇಳಿಕೊಂಡು, ನಗುತ್ತಾ ಮನೆಗೆ ಬಂದರು.

ಅದೇ ಸಂಜೆ ಮಾವ ರಕ್ತದ ಪುಸ್ತಕವನ್ನು ನನ್ನ ಮುಂದಿಟ್ಟು, "ನಿನ್ನ ಅಕ್ಷರ ಸಂದಾಗದೆ, ಅವ್ವಂದು ಬರಿ" ಎಂದು ಹೇಳಿ ಹಸುವಿಗೆ ಹುಲ್ಲು ಹಾಕಲು ಹೋದರು. ಅಜ್ಜಿಯ ಪುಟ ಹುಡುಕುತ್ತಾ ಮಾವನ ಪುಟ ಸಿಕ್ಕಿತು. 'ಅವ್ವ ಕೊಟ್ಟದ್ದು' ಎಂಬುದರ ಮುಂದೆ ಪೆನ್ಸಿಲ್ಲಿನಲ್ಲಿ ಬರೆದಿದ್ದ ಎ ಇರಲಿಲ್ಲ, ರಬ್ಬರಿನಿಂದ ಉಜ್ಜಿ ಅಳಿಸಿದ್ದರು. ಆ ಜಾಗದಲ್ಲಿ, ಪರೀಕ್ಷೆಯಾಗದ್ದನ್ನು ಎಂದೂ ಶಾಯಿಯಲ್ಲಿ ಬರೆಯದ ನಮ್ಮ ಮಾವ, ಶಾಯಿಯಲ್ಲಿ ದುಂಡಗೆ ಬರೆದಿದ್ದರು: ಒಂದು ಮೊರ ತೌಡು.